ಚಿಕ್ಕಪ್ಪನ ಎದೆಗೊಂದು ಮೈಕು

ಗಮಕಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಹಾಡಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಈಗ ಸಿಗುವ ವೈರ್‌ಲೆಸ್ ಮೈಕಿನ ಡಬ್ಬಿ ತೆಗೆದು ನೋಡಿ. ಒಳಗೆ ಎರಡು ಪುಟಾಣಿ ಮೈಕು, ಫೋನಿಗೆ ಸಿಕ್ಕಿಸಲು ಒಂದು ರಿಸೀವರ್. ಇದನ್ನು ಗಮಕಿಗಳಿಗೆಂದೇ ಮಾಡಿದ್ದಾರೆ ಅನ್ನೋದು ನಮ್ಮ ಚಿಕ್ಕಪ್ಪನ ವಾದ.

ಶಿವಮೊಗ್ಗದವರಿಗೆ ಈ ಹುಚ್ಚು ಹಿಡಿದರೆ ಆಶ್ಚರ್ಯವೇನಿಲ್ಲ. ಪಕ್ಕದಲ್ಲೇ ಮತ್ತೂರು, ಹೊಸಹಳ್ಳಿ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದೇ ಗಮಕಕ್ಕೆ. ನಮ್ಮ ಮನೆಯ ಪಾಡ್‌ಕಾಸ್ಟಿನಲ್ಲಿ ಚಿಕ್ಕಮ್ಮ ಹಾಡುತ್ತಾರೆ, ಚಿಕ್ಕಪ್ಪ ಅರ್ಥ ಹೇಳುತ್ತಾರೆ. ಮದುವೆಯಾದಾಗಿನಿಂದ ಚಿಕ್ಕಮ್ಮ ಏನು ಹೇಳಿದರೂ ಅದಕ್ಕೊಂದು ಬೇರೆ ಅರ್ಥ ಹಚ್ಚುವುದೇ ಚಿಕ್ಕಪ್ಪನ ಕೆಲಸ, ಹಾಗಾಗಿ ಅಭ್ಯಾಸ ಚೆನ್ನಾಗಿದೆ. ನಾನು ಸೌಂಡ್ ಇಂಜಿನಿಯರ್. ಸಂಬಳ ಕಾಫಿ.

ಮೈಕನ್ನು ಗಲ್ಲದಿಂದ ಸುಮಾರು ಒಂದು ಗೇಣು ಕೆಳಗೆ ಸಿಕ್ಕಿಸಬೇಕು. ಇನ್ನೂ ಕೆಳಗಿಳಿದರೆ ದನಿಗಿಂತ ಕೋಣೆಯ ಗುಂಯ್ ಅನ್ನೋದೇ ಜಾಸ್ತಿ. ಆದರೆ ಚಿಕ್ಕಮ್ಮನ ಆ ಜಾಗ ಖಾಲಿ ಇಲ್ಲ. ಮಾಂಗಲ್ಯ ಸರ, ಹವಳದ ಸರ, ಮೇಲೆ ಗಂಜಿ ಹಾಕಿದ ಕಾಟನ್ ಸೀರೆಯ ಸೆರಗು. ರೆಕಾರ್ಡಿಂಗ್ ಅಂದಮೇಲೆ ಒಳ್ಳೇ ಸೀರೆ ಉಡಬೇಡವೇ? ಬರೀ ಆಡಿಯೋ ಚಿಕ್ಕಮ್ಮ, ಯಾರಿಗೂ ಕಾಣಲ್ಲ ಅಂದರೆ, “ಕಾಣದಿದ್ರೂ ಗೊತ್ತಾಗುತ್ತೆ ಕಣೋ” ಅಂದರು.

ಗೊತ್ತಾಯಿತು. ಅವತ್ತಿನ ಪ್ರಸಂಗ ದ್ರೌಪದಿಯ ವಸ್ತ್ರಾಪಹರಣ. ಚಿಕ್ಕಮ್ಮ ಉಸಿರೆಳೆದಾಗಲೆಲ್ಲ ಹೆಡ್‌ಫೋನಿನಲ್ಲಿ ಸೀರೆ ಸರ್ ಸರ್ ಅನ್ನುತ್ತಿತ್ತು. ನಿಜವಾಗಿಯೂ ಯಾರೋ ಪಕ್ಕದಲ್ಲೇ ನಿಂತು ಎಳೆಯುತ್ತಿರುವಷ್ಟು ಸ್ಪಷ್ಟ. ನಾನು ನಿಲ್ಲಿಸಲು ಹೋದರೆ ಚಿಕ್ಕಪ್ಪ ತಡೆದರು. “ಎಫೆಕ್ಟ್ ಚೆನ್ನಾಗಿದೆ, ಇರ್ಲಿ ಬಿಡು.” ಮುಂದಿನ ಪ್ರಸಂಗದ ಹೊತ್ತಿಗೆ ಸರಗಳು ರವಿಕೆಯೊಳಗೆ ಹೋದವು, ಗಂಜಿ ಇಲ್ಲದ ಹಳೇ ಮೆತ್ತನೆ ಸೀರೆ ಬಂತು. ಮೈಕು ಸೆರಗಿನ ಪಿನ್ನಿನ ಪಕ್ಕಕ್ಕೆ ಸರಿಯಿತು. ಈ ಪುಟ್ಟ ಮೈಕುಗಳು ಸಾಮಾನ್ಯವಾಗಿ ಸುತ್ತಲ ಶಬ್ದವನ್ನೂ ಒಂದೇ ಥರ ಹಿಡಿಯುತ್ತವೆ, ಒಂದಿಷ್ಟು ಓರೆಯಾದರೆ ಏನೂ ಆಗುವುದಿಲ್ಲ.

ಸುತ್ತಲ ಶಬ್ದ ಅಂದರೆ ಸುತ್ತಲ ಶಬ್ದವೇ. ಫ್ಯಾನು, ಫ್ರಿಜ್ಜು, ಪಕ್ಕದ ಮನೆ ಕುಕ್ಕರು. ಚಿಕ್ಕಪ್ಪ ರಿಸೀವರಿನಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಗುಂಡಿ ಕಂಡುಹಿಡಿದು ಒತ್ತಿಯೇಬಿಟ್ಟರು. ಅದು ಬಿಡದೆ ಒಂದೇ ಸಮನೆ ಬರುವ ಶಬ್ದವನ್ನು ಹುಡುಕಿ ಹುಡುಕಿ ಅಳಿಸುತ್ತದೆ. ಫ್ಯಾನ್ ಹೋಯಿತು. ಜೊತೆಗೆ ಶ್ರುತಿಪೆಟ್ಟಿಗೆಯೂ ಹೋಯಿತು! ಪಾಪ, ಆ ಯಂತ್ರಕ್ಕೇನು ಗೊತ್ತು? ಅದರ ಲೆಕ್ಕದಲ್ಲಿ ಎರಡೂ ಗುಂಯ್ ಅನ್ನುವ ವಸ್ತುಗಳೇ. ಚಿಕ್ಕಮ್ಮ ದೀರ್ಘವಾಗಿ ಎಳೆದ ಸ್ವರಗಳ ಬಾಲವನ್ನೂ ಅಲ್ಲಲ್ಲಿ ಕಚ್ಚಿತ್ತು. ಕೊನೆಗೆ ಗುಂಡಿ ಆಫ್, ಫ್ಯಾನೂ ಆಫ್. ಬೀರುವಿನ ಬಾಗಿಲು ತೆರೆದು, ಒಳಗಿನ ಸೀರೆ ರಾಶಿಯ ಎದುರಿಗೆ ಇಬ್ಬರನ್ನೂ ಕೂರಿಸಿದೆ. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಮೈಕಿಗೆ ಸಾವಿರಗಟ್ಟಲೆ ಸುರಿಯುವವರು ಮೊದಲು ಇದನ್ನು ಮಾಡಿ ನೋಡಬೇಕು ಅಂತ ನನ್ನ ಅಭಿಪ್ರಾಯ. ಏಪ್ರಿಲ್ ತಿಂಗಳಲ್ಲಿ ಬೇಡ ಅಷ್ಟೆ.

ಕರ್ಣನ ಒಂದಿಡೀ ಕಂತು ಚಿಕ್ಕಪ್ಪನ ಫೋನಿನ ಕವರಿಗೆ ಬಲಿಯಾಯಿತು. ಪರ್ಸಿನ ಹಾಗೆ ಮಡಚುವ ದಪ್ಪ ಕವರ್ ಅದು. ಅದರಿಂದಾಗಿ ರಿಸೀವರಿನ ಪಿನ್ನು ಪೂರ್ತಿ ಒಳಗೆ ಕೂರಲಿಲ್ಲ. ಫೋನು ಒಂದು ಮಾತೂ ಹೇಳದೆ ತನ್ನದೇ ಮೈಕಿನಲ್ಲಿ ರೆಕಾರ್ಡ್ ಮಾಡಿಕೊಂಡಿತು. ಫೋನ್ ಇದ್ದದ್ದು ಕಿಟಕಿಯ ಹತ್ತಿರ. ಕರ್ಣ ಎಲ್ಲೋ ದೂರದಲ್ಲಿ, ಕಸದ ಗಾಡಿಯ ಹಾಡು ಮಾತ್ರ ಎದೆಯ ಪಕ್ಕದಲ್ಲೇ. ಈಗ ಶುರುವಿಗೆ ಮುಂಚೆ ಮೈಕಿನ ತಲೆಯನ್ನು ಉಗುರಿನಿಂದ ಕೆರೆದು ಕೇಳುತ್ತೇವೆ. ಕರಕರ ಜೋರಾಗಿ ಬಂದರೆ ಸರಿ.

ಚಿಕ್ಕಪ್ಪನ ತೊಂದರೆ ಬೇರೆ. ಅವರು ಕೂತು ಅರ್ಥ ಹೇಳುವವರಲ್ಲ. ಮೇಷ್ಟ್ರಾಗಿದ್ದವರು, ನಡೆದಾಡಬೇಕು. ಈ ಮೈಕುಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ಮೈಯಲ್ಲಿರುವ ನೀರು ಅದನ್ನು ಚೆನ್ನಾಗಿ ಹೀರುತ್ತದೆ. ಚಿಕ್ಕಪ್ಪನ ಮೈ ಸಣ್ಣದೂ ಅಲ್ಲ. ಅವರು ರಿಸೀವರಿಗೆ ಬೆನ್ನು ಹಾಕಿದರೆ ಮಾತು ತುಂಡು ತುಂಡು. “ಭೀಮನ ಕೈಯಲ್ಲಿ ದುಶ್ಶಾಸನ ಸತ್ತ” ಎಂದು ಅವರು ಹೇಳಿದ್ದು ಫೈಲಿನಲ್ಲಿ “ಭೀಮ... ಸತ್ತ” ಆಗಿತ್ತು.

ಡಬ್ಬಿಯ ಮೇಲೆ 200 ಮೀಟರ್ ಅಂತ ಬರೆದಿದೆಯಲ್ಲ ಎಂದು ಅವರಿಗೆ ಸಿಟ್ಟು. ಬಯಲಲ್ಲಿ, ಅಡ್ಡ ಏನೂ ಇಲ್ಲದಾಗ ಅಂತ ಅದರ ಅರ್ಥ ಎಂದೆ. ಅರ್ಥ ಹೇಳುವವರಿಗೇ ಅರ್ಥ ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮೈಕು ಹಾಕಿಕೊಂಡೇ ನಮ್ಮ ನೆಟ್ಟಗಿನ ರಸ್ತೆಗೆ ಇಳಿದರು. ಗೇಟಿನ ಕಂಬದ ಮೇಲೆ ರಿಸೀವರ್, ಚಿಕ್ಕಮ್ಮನ ಕಿವಿಗೆ ಹೆಡ್‌ಫೋನ್. “ಕೇಳ್ತಿದ್ಯೇನೇ? ಈಗ ಕೇಳ್ತಿದ್ಯೇನೇ?” ಅನ್ನುತ್ತಾ, ಬೆನ್ನು ಹಾಕದೆ, ಗೇಟಿನ ಕಡೆಗೇ ಮುಖ ಮಾಡಿಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕಿದರು. ತಿರುವಿನ ಹೋಟೆಲಿನ ತನಕ ತುಂಡಾಗದೆ ಬಂತು. ಆಮೇಲೆ ಮೈಕನ್ನು ಮರೆತರೋ ಏನೋ. ಚಿಕ್ಕಮ್ಮ ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಒತ್ತಿ ಹಿಡಿದರು. “ಬಿಸಿ ಇದ್ರೆ ಎರಡು ವಡೆ ಕೊಡಪ್ಪ. ಕಾಫಿಗೆ ಸಕ್ಕರೆ ಹಾಕು, ಇವತ್ತೊಂದಿನ.” ಸಕ್ಕರೆ ಕಾಯಿಲೆ ಇರುವವರ ದನಿ ಅಷ್ಟು ದೂರದಿಂದ ಅಷ್ಟು ಶುದ್ಧವಾಗಿ ಬಂದಿದ್ದು ನೋಡಿದರೆ ಡಬ್ಬಿಯವರು ಸುಳ್ಳು ಹೇಳಿಲ್ಲ.

ಅವತ್ತಿನಿಂದ ಚಿಕ್ಕಪ್ಪ ಕೂತೇ ಅರ್ಥ ಹೇಳುತ್ತಾರೆ. ಚಿಕ್ಕಮ್ಮನ ಕಣ್ಣೆದುರಿಗೆ.

ಮೊನ್ನೆ ಸೆಟ್ಟಿಂಗಿನಲ್ಲಿ ಮೋನೋ, ಸ್ಟೀರಿಯೋ ಎಂದು ಎರಡು ಇದ್ದವು. ಸ್ಟೀರಿಯೋ ಅಂದರೆ ಗ್ರ್ಯಾಂಡು ಎಂದು ಚಿಕ್ಕಪ್ಪ ಅದನ್ನೇ ಒತ್ತಿಸಿದರು. ಈ ಮೈಕುಗಳಲ್ಲಿ ಸ್ಟೀರಿಯೋ ಅಂದರೆ ಒಂದು ಮೈಕಿನ ದನಿ ಪೂರ್ತಿ ಎಡಕ್ಕೆ, ಇನ್ನೊಂದರದ್ದು ಪೂರ್ತಿ ಬಲಕ್ಕೆ. ಎಡಿಟ್ ಮಾಡಲು ಬಲು ಅನುಕೂಲ, ಆದರೆ ಹಾಗೇ ಹರಿಯಬಿಟ್ಟರೆ ಪದ್ಯ ಒಂದು ಕಿವಿಗೆ, ಅರ್ಥ ಇನ್ನೊಂದಕ್ಕೆ. ಚಿಕ್ಕಪ್ಪ ತಡೆಯಲಾರದೆ ಹಾಗೇ ಹರಿಯಬಿಟ್ಟರು. ವಾಕಿಂಗ್ ಹೋಗುವಾಗ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವ ಅವರ ಸ್ನೇಹಿತರು ಮರುದಿನವೇ ಫೋನ್ ಮಾಡಿದರು. “ಮನೆಯವರು ಅದ್ಭುತವಾಗಿ ಹಾಡಿದಾರೆ ಸಾರ್. ಯಾಕೆ, ನಿಮಗೆ ಹುಷಾರಿರಲಿಲ್ವಾ?”

ನಾನು ಮೋನೋಗೆ ಬದಲಾಯಿಸಲು ಹೋದೆ. ಚಿಕ್ಕಮ್ಮ ಕೈ ಹಿಡಿದು ನಿಲ್ಲಿಸಿದರು.

“ಇರ್ಲಿ ಬಿಡೋ. ಬೇಕಾದೋರು ಆ ಕಿವಿಗೂ ಒಂದು ಹಾಕ್ಕೊಳ್ತಾರೆ.”