ಬ್ಯಾಂಡ್ ಅಂದ್ರ ಯಾವ ಬ್ಯಾಂಡು?

ನಮ್ಮ ಕಲಬುರಗ್ಯಾಗ ಬ್ಯಾಂಡ್ ಅಂದ್ರ ಒಂದೇ ಅರ್ಥ ನೋಡ್ರಿ. ಕೆಂಪು ಕೋಟು, ಹೆಗಲ ಮ್ಯಾಲ ಜರಿ, ಹಿತ್ತಾಳಿ ತುತ್ತೂರಿ, ಹಿಂದ ತಳ್ಳುಗಾಡಿ ಮ್ಯಾಲ ಜನರೇಟರ್, ಮುಂದ ಕುದರಿ ಮ್ಯಾಲ ಕುಂತು ಬೆವರೊರಸ್ಕೊಳ್ಳೋ ಮದುಮಗ. ಹಿಂಗಾಗಿ "ಅವ್ವಾ, ಬ್ಯಾಂಡ್ ನೋಡ್ಲಕ ಬೆಂಗಳೂರಿಗಿ ಹೊಂಟೀನಿ" ಅಂತ ನಾ ಮೊದಲ್ನೇ ಸಲ ಹೇಳಿದಾಗ ನಮ್ಮವ್ವ ರೊಟ್ಟಿ ಬಡಿಯೋದು ನಿಲ್ಲಿಸಿ "ಯಾರ್ದು ಲಗ್ನ?" ಅಂದ್ಲು. ಯಾರ್ದೂ ಇಲ್ಲ ಅಂದೆ. "ಲಗ್ನಿಲ್ದೇ ಬ್ಯಾಂಡ್ ಯಾಕ ಬಾರಸ್ತಾರ?" ಅಂತ ಕೇಳಿದ್ಲು. ನಾಲ್ಕು ವರ್ಷ ಆತು, ಇದಕ್ಕ ನನ್ನ ಹತ್ರ ಇನ್ನೂ ಉತ್ತರ ಇಲ್ಲ.

ನನ್ನ ತಲಿ ಕೆಟ್ಟಿದ್ದು ಮುಂಬೈದಾಗ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮೌಸಿ ಮನಿಗಿ ಹೋದಂವ, ಮೌಸಿ ಮಗನ ಜೋಡಿ ಟೈಮ್‌ಪಾಸ್ ಅಂತ ಚೋರ್ ಬಜಾರಿಗಿ ಹೋಗಿ, ಮಟನ್ ಸ್ಟ್ರೀಟಿನ್ಯಾಗ ಒಂದು ಹಳೇ ಟರ್ನ್‌ಟೇಬಲ್, ಅಂದ್ರ ರೆಕಾರ್ಡ್ ಬಾರಸೋ ಮಷೀನು, ತಗೊಂಡ್ಬಿಟ್ಟೆ. ಅಂವ ಅದರ ಹಿಂದಿನ ರಾತ್ರಿ ರಯಟ್ ಪೆಡ್ಲರ್ಸ್, ಲೈಟ್‌ಇಯರ್ಸ್ ಎಕ್ಸ್‌ಪ್ಲೋಡ್ ಅಂತ ಮುಂಬೈದವ್ರೇ ಹುಡುಗ್ರ ಹಾಡು ಕೇಳಿಸಿ, ಅವ್ರೆಲ್ಲ ತನ್ನ ಕಾಕಾನ ಮಕ್ಕಳು ಅನ್ನೋ ಹಂಗ ಮಾತಾಡಿದ್ದ, ನಂಗ ಹೊಟ್ಟಿ ಉರೀತು, ನಾನೂ ಇನ್ನ ಮ್ಯಾಲ ಸಿನಿಮಾ ಹಾಡು ಬಿಟ್ಟು ಸಣ್ಣ ಸಣ್ಣ ಬ್ಯಾಂಡ್ ಹುಡುಕಿ ರೆಕಾರ್ಡಿನ್ಯಾಗೇ ಕೇಳ್ತೀನಿ ಅಂತ ತೀರ್ಮಾನ ಮಾಡ್ದೆ. ವಾಪಸ್ ಬರೋ ಮುಂದ ಟರ್ನ್‌ಟೇಬಲ್ ತೊಡಿ ಮ್ಯಾಲೇ ಇಟ್ಕೊಂಡು ಕುಂತಿದ್ದೆ. ಸೊಲ್ಲಾಪುರ ದಾಟೋದ್ರಾಗ ಬೋಗಿ ಮಂದಿಯೆಲ್ಲ ಬಂದು ಇದು ಹೊಲಿಗಿ ಮಷೀನಾ, ತೂಕದ ಮಷೀನಾ ಅಂತ ಕೇಳಿ ಹೋದ್ರು. ಒಬ್ಬ ಅಜ್ಜ ಮಾತ್ರ ಸೂಜಿ ನೋಡಿ "ಓ ಪ್ಲೇಟ್ ಹಚ್ಚೋದು" ಅಂದ, ಅಂವನ ಕಾಲಿಗಿ ಬೀಳಬೇಕು ಅನಿಸ್ತು.

ಮನಿಗಿ ಬಂದು ಹೋಮ್ ಥಿಯೇಟರಿಗಿ ವೈರ್ ಚುಚ್ಚಿ ಒಂದು ರೆಕಾರ್ಡ್ ಹಚ್ಚಿದ್ರ ದೂರದಾಗ ಯಾರೋ ಡಬ್ಬಿ ಒಳಗ ನೊಣ ಹಾಕಿ ಅಲಗಾಡಿಸಿದಂಗ ಸಪ್ಪಳ. ಪೂರಾ ಸೌಂಡ್ ಕೊಟ್ರೂ ನೊಣ ಜರಾ ದಪ್ಪ ಆತು ಅಷ್ಟೇ. ನಾ ಇದೇ ಇಂಡೀ, ಅಂದ್ರ ದೊಡ್ಡ ಕಂಪನಿ ಹಂಗಿಲ್ದ ಸಣ್ಣ ಬ್ಯಾಂಡಿನ, ಸೌಂಡ್ ಇರಬೇಕು, ಬೇಕಂತೇ ಹಿಂಗ ಮಾಡಿರ್ತಾರ ಅಂತ ಎರಡು ದಿನ ಅದನ್ನೇ ಕಣ್ಣ ಮುಚ್ಚಿ ಕೇಳಿದೆ ಅಂದ್ರ ನೀವು ನಗಬಾರ್ದು. ಮೂರ್ನೇ ದಿನ ಸೂಪರ್ ಮಾರ್ಕೆಟ್ ಕಡಿ ಒಬ್ಬ ಹಳೇ ರೇಡಿಯೋ ರಿಪೇರಿ ಕಾಕಾನ ಹತ್ರ ಒಯ್ದೆ. ಅಂವ ಸೋಲ್ಡರ್ ಕಡ್ಡಿ ಕಿವ್ಯಾಗ ಸಿಗಿಸ್ಕೊಂಡು ಹೇಳ್ದ, "ತಮ್ಮಾ, ದಪ್ಪ ದನಿ ಇದ್ದಂಗೇ ಕೊರದ್ರ ಗೆರಿ ಅಗಲ ಆಗಿ ಪ್ಲೇಟಿನ್ಯಾಗ ಹಾಡೇ ಹಿಡ್ಯಂಗಿಲ್ಲ. ಅದಕ್ಕ ಕೊರಿಯೋ ಮುಂದ ದಪ್ಪ ದನಿ ಕಮ್ಮಿ ಮಾಡಿ ಸಣ್ಣ ದನಿ ಹೆಚ್ಚ ಮಾಡಿರ್ತಾರ. ಬಾರಸೋ ಮುಂದ ಹೊಳ್ಳಿ ಅದನ್ನ ಉಲ್ಟಾ ಮಾಡಬೇಕು, ಅದಕ್ಕ ಬ್ಯಾರೆ ಡಬ್ಬಿ ಬೇಕು. ಸೂಜಿಂದ ಬರೋದು ನಾಲ್ಕೈದು ಮಿಲಿವೋಲ್ಟ್, ಇರುವಿ ಉಚ್ಚಿ ಹೊಯ್ದಷ್ಟು." ಫೋನೋ ಪ್ರೀಆಂಪ್ ಅಂತಾರ ಆ ಡಬ್ಬಿಗಿ. ಇಷ್ಟ್ ಚೊಲೋ ಯಾವ ಯೂಟ್ಯೂಬ್ ವಿಡಿಯೋದಾಗೂ ಹೇಳಿಲ್ಲ ಬಿಡ್ರಿ. ಕಾಕಾನೇ ಒಂದು ಡಬ್ಬಿ ಕಟ್ಟಿಕೊಟ್ಟ, ಬಿಸ್ಕೀಟ್ ಡಬ್ಬಿ ಒಳಗ. ಇವತ್ತಿಗೂ ನಡೀಲಕತ್ತದ.

ಮುಂದ ಬೆಂಗಳೂರಿನ ಒಂದು ಪಂಕ್ ಬ್ಯಾಂಡಿನ 7 ಇಂಚಿನ ರೆಕಾರ್ಡ್ ತರಿಸ್ದೆ. ಹೆಸರು ಹೇಳಂಗಿಲ್ಲ, ಯಾಕಂತ ನಿಮಗೇ ತಿಳೀತದ. ಅದು ಬಂದು ನೋಡಿದ್ರ ನಡುವ ತೂತು ಹಿಂಗದ, ರೂಪಾಯಿ ನಾಣ್ಯ ಹಾದು ಹೋಗ್ತದ. ನನ್ನ ಮಷೀನಿನ ಮೊಳಿ ಪೆನ್ಸಿಲ್‌ನಷ್ಟು ಸಣ್ಣದು. ಇದಕ್ಕ ನಡುವ ಒಂದು ಅಡಾಪ್ಟರ್ ಹಾಕಬೇಕಂತ, ನಮ್ಮೂರಾಗ ಎಲ್ಲಿ ಸಿಗಬೇಕು. ಹಳೇ ಹವಾಯಿ ಚಪ್ಪಲಿ ಹಿಮ್ಮಡಿ ಕಡಿ ಬ್ಲೇಡಿಲೆ ಗುಂಡಗ ಕೊಯ್ದು, ನಡುವ ಕಾಸಿದ ಮೊಳಿಲೆ ತೂತ ಮಾಡಿ ಕುಂದರಿಸ್ದೆ, ಬರೋಬರಿ ಕುಂತತು. ಒಂದು ಕಡಿ ನೀಲಿ, ಒಂದು ಕಡಿ ಬಿಳಿ, ಸವದ ಹಿಮ್ಮಡಿ ಗುರ್ತು ಸುದ್ದಾ ಅದ. ನಮ್ಮವ್ವ ನೋಡಿ "ಹಾಡಿನ ನಡುವ ಚಪ್ಪಲಿ ಇಟ್ಟೀಯಲ್ಲೋ, ಸರಸ್ವತಿ ಮನಿ ಬಿಟ್ಟು ಹೋಗ್ತಾಳ" ಅಂದ್ಲು.

ಸರಸ್ವತಿ ಹೋಗ್ಲಿಲ್ಲ, ಆದ್ರ ಹಾಡು ಭಾಳ ವಿಚಿತ್ರ ಇತ್ತು. ಪಂಕ್ ಅಂದ್ರ ಚೀರಾಟ, ಓಡಾಟ ಅಂತ ಕೇಳಿದ್ದೆ, ಇದು ನೋಡಿದ್ರ ಎತ್ತಿನ ಬಂಡಿ ಹಂಗ ಮೆಲ್ಲಕ, ಗಿಟಾರು ಬಾಯ್ತುಂಬ ಬ್ಯಾಳಿ ಹೋಳಿಗಿ ಇಟ್ಕೊಂಡಂಗ, ಹಾಡೋ ಗಂಡಸಿನ ದನಿ ಅಂದ್ರ ಕೋಟೆ ಒಳಗಿನ ಜಾಮಿ ಮಸೀದಿ ಕಮಾನಿನ್ಯಾಗಿಂದ ಬಂದಂಗ. ಏನು ಗಾಂಭೀರ್ಯ! ನಾ ಫಿದಾ. ಸಿಕ್ಕವ್ರಿಗೆಲ್ಲ ಕೇಳಿಸಿದೆ. ಇದು ಪಂಕ್ ಅಲ್ಲ, ಪಂಕ್ ದಾಟಿ ಮುಂದ ಹೋದದ್ದು ಅಂತ ಸ್ಟೇಟಸ್ ಬ್ಯಾರೆ ಹಾಕ್ದೆ. ನಮ್ಮಪ್ಪ ರಿಟೈರ್ಡ್ ಮಾಸ್ತರು, ಸೋಮವಾರಕ್ಕೊಮ್ಮೆ ಭಜನಿ ಮಂಡಳಿಗಿ ಹೋಗಂವ, ಅಂವ ಪೇಪರ್ ಮಡಚಿಟ್ಟು ಪೂರಾ ಕೇಳ್ದ. ಕೇಳಿ "ಮಾತು ತಿಳೀಲಿಲ್ಲ ಖರೆ, ವೈರಾಗ್ಯ ಅದ" ಅಂದ. ಅಪ್ಪ ಮತ್ತ ನಾನು ಒಂದೇ ಹಾಡು ಒಪ್ಪಿದ್ದು ಅದೇ ಮೊದಲು. ಸಂಜಿಮುಂದ ಚಹಾ ಕುಡ್ಯೋ ಹೊತ್ತಿಗಿ "ಆ ವೈರಾಗ್ಯದ್ದು ಹಚ್ಚೋ" ಅಂತಿದ್ದ.

ಎರಡು ತಿಂಗಳಾದ ಮ್ಯಾಲ ಅದೇ ಬ್ಯಾಂಡಿನ ಶೋ ಅದ ಅಂತ ಗೊತ್ತಾತು. ರಾತ್ರಿ ರೈಲು ಹತ್ತಿ ಬೆಂಗಳೂರಿಗಿ ಹೋದೆ, ನಿದ್ದಿ ಬರ್ಲಿಲ್ಲ, ಖುಷಿಗಿ ಅಲ್ಲ, ಮ್ಯಾಲಿನ ಬರ್ತ್‌ನಂವ ಗೊರಕಿ ಹೊಡೀತಿದ್ದ. ಹಮ್ಮಿಂಗ್ ಟ್ರೀ ಅಂತ ಇಂದಿರಾನಗರದಾಗ ಒಂದು ಜಾಗ ಇತ್ತು, ಸಣ್ಣ ಬ್ಯಾಂಡಿನವ್ರಿಗೆಲ್ಲ ಅದೇ ಆಸರ, 2019ರಾಗ ಮುಚ್ಚಿತು, ನಂಗ ಸಿಗ್ಲಿಲ್ಲ. ಈ ಶೋ ಬ್ಯಾರೆ ಕಡಿ, ಒಂದು ಬಿಲ್ಡಿಂಗಿನ ನೆಲಮಾಳಿಗ್ಯಾಗ. ಶುರು ಆಗೋಕಿಂತ ಮೊದ್ಲು ಟೇಬಲ್ ಹಾಕಿ ಟೀಶರ್ಟ್ ಮಾರ್ಲಕತ್ತಿದ್ದ ಒಂದು ಹುಡುಗಿ ಕಂಡ್ಲು, ಇಷ್ಟ್ ಗಿಡ್ಡ, ಇಷ್ಟ್ ದೊಡ್ಡ ಚಷ್ಮಾ. ನಾ ಹೋಗಿ, ಕಲಬುರಗಿಂದ ಬಂದೀನ್ರಿ, ನಿಮ್ಮ ರೆಕಾರ್ಡ್ ಅದ ನನ್ನ ಹತ್ರ, ಆ ಹಾಡೋ ಅಣ್ಣಾರು ಎಲ್ಲಿ, ಏನ್ ದನಿ ರೀ ಅವರ್ದು, ನಮ್ಮಪ್ಪ ಸುದ್ದಾ ಫ್ಯಾನು ಅಂದೆ. ಆಕಿ ನನ್ನ ಮಾರಿ ನೋಡಿದ್ಲು. "ಹಾಡೋದು ನಾನೇ" ಅಂದ್ಲು. ನಾ ನಕ್ಕೆ. ಆಕಿ ನಗ್ಲಿಲ್ಲ. ಆಮ್ಯಾಲ ಭಾಳ ಸಮಾಧಾನಲೆ ಕೇಳಿದ್ಲು, "ನೀವು ಎಷ್ಟರ ಸ್ಪೀಡಲ್ಲಿ ಹಾಕಿದ್ರಿ?"

ಸ್ಪೀಡ್ ಅಂತ ಒಂದು ಇರ್ತದ ಅಂತ ನಂಗೇನು ಗೊತ್ತು! 12 ಇಂಚಿನ ಎಲ್‌ಪಿ ಸಾಮಾನ್ಯ ನಿಮಿಷಕ್ಕ 33 ಸುತ್ತು, ಈ ದೊಡ್ಡ ತೂತಿನ ಸಣ್ಣ ಪ್ಲೇಟು 45. ನನ್ನ ಮಷೀನಿನ ಪಕ್ಕಕ್ಕ ಒಂದು ಗುಂಡಿ ಇತ್ತು, ಅದು ಕೆಟ್ಟದ್ದು ಅಂತ ನಾ ಟೇಪ್ ಹಚ್ಚಿ ಮುಚ್ಚಿದ್ದೆ. 1 ನಿಮಿಷ 40 ಸೆಕೆಂಡಿನ ಹಾಡು ನಮ್ಮ ಮನ್ಯಾಗ ಸವಾ ಎರಡು ನಿಮಿಷ ನಡೀತಿತ್ತು, ಆ ಗಿಡ್ಡ ಹುಡುಗಿ ದನಿ ಇಳದು ಇಳದು ಮಠದ ಸ್ವಾಮಿ ಆಗಿತ್ತು. ಲೈಟ್ ಆರಿಸಿ ಶುರು ಮಾಡಿದ್ರು ನೋಡ್ರಿ, ಏನು ಆ ಓಟ, ಒಂದು ಹಾಡು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಹತ್ತಿತು ಗೊತ್ತಾಗವಲ್ದು. ನನ್ನ ವೈರಾಗ್ಯದ ಹಾಡು ಯಾವ್ದು ಅಂತ ತಿಳಿಯೋದ್ರಾಗ ಅದು ಮುಗದು ಹೋಗಿತ್ತು. ಅದರ ಅರ್ಥ ಬ್ಯಾರೆ ಆವತ್ತೇ ತಿಳೀತು, ಬಾಡಿಗಿ ಮನಿ ಓನರ್ ಅಡ್ವಾನ್ಸ್ ವಾಪಸ್ ಕೊಡವಲ್ಲ ಅಂತ ಬೈದದ್ದು.

ಊರಿಗಿ ಬಂದು ಟೇಪ್ ಕಿತ್ತು 45ಕ್ಕ ಹಚ್ಚಿದೆ. ಅಪ್ಪ ಅರ್ಧಾ ನಿಮಿಷ ಕೇಳಿ, "ಯಾಕೋ, ಇವ್ರಿಗಿ ರೈಲು ತಪ್ಪಲಕತ್ತದೇನು? ಮೊದಲಿನಂಗೇ ಇಡು" ಅಂದ. ಖರೆ ಹೇಳ್ಬೇಕಂದ್ರ ನಂಗೂ ಮೊದಲಿನದೇ ಚೊಲೋ ಅನಿಸ್ತದ. ಬ್ಯಾಂಡಿನವ್ರಿಗಿ ಹೇಳಬ್ಯಾಡ್ರಿ.

ಬಿಸಲಿನ ಕತಿ ಒಂದು ಬಾಕಿ ಅದ, ಅದನ್ನ ಲಗೂನೇ ಮುಗಸ್ತೀನಿ, ನೆನದ್ರ ಹೊಟ್ಟ್ಯಾಗ ಸಂಕಟ ಆಗ್ತದ. ಮೇ ತಿಂಗಳು, ಹೊರಗ 43 ಡಿಗ್ರಿ, ಹೊಸ ಎಲ್‌ಪಿ ಕಾರಿನ ಹಿಂದಿನ ಸೀಟಿನ ಮ್ಯಾಲ ಬಿಟ್ಟು ಲಸ್ಸಿ ಕುಡೀಲಕ ಹೋದೆ. ರೆಕಾರ್ಡ್ ಅಂದ್ರ ಪಿವಿಸಿ, ನಮ್ಮ ನೀರಿನ ಪೈಪಿನ ಜಾತಿದೇ, 60 ಡಿಗ್ರಿ ಹತ್ರ ಬಂದ್ರ ಮೆತ್ತಗಾಗ್ತದ, ಮುಚ್ಚಿದ ಕಾರಿನ್ಯಾಗ ಅಷ್ಟ್ ಆಗ್ಲಕ ನಮ್ಮೂರ ಸೂರ್ಯಗ ಎಷ್ಟೊತ್ತು ಬೇಕು. ಹೊಳ್ಳಿ ಬಂದು ಕವರಿಂದ ತಗದ್ರ ಬೋಗಾಣಿ ಆಗಿತ್ತು. ಎರಡು ಗಾಜಿನ ನಡುವ ಇಟ್ಟು ಮ್ಯಾಲ ಭಾರ ಹೇರಿದ್ರ ನೆಟ್ಟಗಾಗ್ತದ ಅಂತ ಓದಿದ್ದೆ. ಟೀವಿ ಸ್ಟ್ಯಾಂಡಿನ ಗಾಜು ಕಿತ್ತು, ಭಾರಕ್ಕ ಅಂತ 50 ಕಿಲೋ ತೊಗರಿ ಬ್ಯಾಳಿ ಚೀಲ ಹೇರಿದೆ. ರಾತ್ರಿ ಎರಡಕ್ಕ ಫಟ್ ಅಂತು. ಗಾಜು ಹೋತು, ರೆಕಾರ್ಡಿನ ಅಂಚೂ ಚೂರು ಹೋತು, ಬ್ಯಾಳ್ಯಾಗ ಗಾಜಿನ ಚೂರು ಕೂಡಿ ಅವ್ವ ಎರಡು ದಿನ ಮರದಾಗ ಕೇರಿದ್ಲು, ಕೇರೋ ಮುಂದ ಬೈದದ್ದನ್ನ ಯಾರಾದ್ರೂ ರೆಕಾರ್ಡ್ ಮಾಡಿದ್ರ ಪಂಕ್ ಆಲ್ಬಮ್ ಒಂದು ಆಗ್ತಿತ್ತು. ನಮ್ಮ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ, ರೆಕಾರ್ಡ್ ನೆಟ್ಟಗ ಮಾಡ್ಲಕ ಅಂತ ಕೊಟ್ಟಿದ್ದಲ್ಲ ಅದು.

ಇಷ್ಟೆಲ್ಲ ಆದ ಮ್ಯಾಲ ನಮ್ಮೂರಾಗೇ ಒಂದು ಬ್ಯಾಂಡ್ ಅದ ಅಂತ ಗೊತ್ತಾತು, ಅದೂ ನಮ್ಮ ಮನಿಂದ ಎರಡು ಗಲ್ಲಿ ಆಚಿ. ಮೂರು ಇಂಜಿನಿಯರಿಂಗ್ ಹುಡುಗ್ರು, ಎರಡು ಗಿಟಾರು, ಒಂದು ಬೇಸು. ಡ್ರಮ್ ಬಾರಸಂವ ಮಾತ್ರ ಮೊಹರಮ್‌ದಾಗ ಅಲಾಯಿ ಮುಂದ ಹಲಗಿ ಬಾರಸೋ ಹುಡುಗ, ಡ್ರಮ್ ಸೆಟ್ ಬಾಡಿಗಿಗಿ ತಂದದ್ದು. ನಾ ಬೆಂಗಳೂರು ಶೋ ನೋಡಿ ಬಂದಂವ ಅಂತ ಸ್ವಲ್ಪ ಮರ್ಯಾದಿ ಇತ್ತು ಅಲ್ಲಿ. ನಾನೂ ಸುಮ್ನಿರಬೇಕಲ್ಲ, ನ್ಯೂಯಾರ್ಕಿನ ರಮೋನ್ಸ್ ಅನ್ನೋ ಪಂಕ್ ಬ್ಯಾಂಡಿನವ್ರು 1976ರಾಗ ಮೊದಲ್ನೇ ರೆಕಾರ್ಡ್ ಮಾಡಿದಾಗ 14 ಹಾಡು ಅರ್ಧಾ ತಾಸಿನ ಒಳಗ ಮುಗಿಸಿದ್ರು, ನಮ್ಮಪ್ಪನ ಭಜನಿ ಮಂಡಳಿಗಿ ಪೇಟಿ ಸುತಿ ಹಚ್ಚಲಕೇ ಅಷ್ಟೊತ್ತು ಬೇಕು ಅಂದೆ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗ್ರು ಯಾವ ಕಂಪನಿಗೂ ಕಾಯ್ದೇ ಮನ್ಯಾಗ, ಗೆಳ್ಯಾರ ಕಡಿ 500 ಪೌಂಡ್ ಕೈಗಡ ತಗೊಂಡು 1977ರ ಜನವರ್ಯಾಗ ನಾಲ್ಕು ಹಾಡಿನ ರೆಕಾರ್ಡ್ ತಾವೇ 1000 ಕಾಪಿ ಹಾಕಿಸಿದ್ರು ಅಂತನೂ ಹೇಳ್ದೆ. ಮಾತು ಮುಗಿಸಿ ನೋಡಿದ್ರ ನಾಲ್ಕೂ ಮಂದಿ ನನ್ನ ಮಾರೀನೇ ನೋಡ್ಲಕತ್ತಿದ್ರು. ಆ ಕತ್ಯಾಗ ಕೈಗಡ ಕೊಡೋ ಗೆಳ್ಯಾ ನಾನೇ ಅಂತ ತಿಳೀಲಕ ನಂಗ ಒಂದು ಕಪ್ ಚಹಾ ಬೇಕಾತು.

ರೆಕಾರ್ಡಿಗಿ ಅಲ್ಲ, ಶೋಕ್ಕ ಅಂತ ಕೊಟ್ಟೆ. ರಿಂಗ್ ರೋಡಿನ ಹತ್ರ ಒಂದು ಫಂಕ್ಷನ್ ಹಾಲಿನ ಮಾಳಗಿ, ಕೆಳಗ ಹಾಲಿನ್ಯಾಗ ಯಾರ್ದೋ ಕುಬಸ ಇತ್ತು, ಹಂಗಾಗಿ ಮಾಳಗಿ ಅಗ್ಗಕ್ಕ ಸಿಕ್ತು. ಬಂದವ್ರು ಇಪ್ಪತ್ತು ಮಂದಿ, ಅದರಾಗ ಆರು ಮಂದಿ ಮೆಟ್ಟಲಾ ತಪ್ಪಿ ಕುಬಸಕ್ಕ ಹೋಗಿ ಉಂಡು ಬಂದವ್ರು. ಮೊದಲ್ನೇ ಹಾಡಿಗೇ ಹುಡುಗ್ರು ಜಿಗದಾಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೀಲಕತ್ರು, ಪಂಕ್ ಶೋದಾಗ ಅದು ರೂಢಿ, ಬಿದ್ದವ್ನ ಎತ್ತೋದು ಸುದ್ದಾ ರೂಢಿ. ವಾಚ್‌ಮನ್ ಕಾಕಾಗ ಅದೆಲ್ಲ ಹೆಂಗ ಗೊತ್ತಿರಬೇಕು, ಬಡಗಿ ಹಿಡ್ಕೊಂಡು ಓಡಿ ಬಂದು ನಡುವ ನಿಂತು "ಮೊದ್ಲು ಯಾರು ಕೈ ಮಾಡಿದ್ರು ಹೇಳ್ರಿ" ಅಂದ. ಯಾರೂ ಇಲ್ಲ ಕಾಕಾ, ಕುಣೀಲಕತ್ತೀವಿ ಅಂದ್ರ ನಂಬವಲ್ಲ. ನನ್ನ ಎಡಗಾಲ ಚಪ್ಪಲಿ ಅಷ್ಟೊತ್ತಿಗೆ ಮಾಳಗಿಂದ ಹಾರಿ ಕೆಳಗ ಎಲ್ಲಿ ಬಿದ್ದದ ಅಂತ ನಾ ಇನ್ನೂ ಕೇಳಿಲ್ಲ, ಕೇಳಂಗೂ ಇಲ್ಲ. ಉಳದ ಬಲಗಾಲದ್ದು ಮನ್ಯಾಗ ಇಟ್ಟೀನಿ, ಇನ್ನೆರಡು ಅಡಾಪ್ಟರ್ ಆಗ್ತಾವ.

ಮೂರ್ನೇ ಹಾಡಿನ್ಯಾಗ ಕರೆಂಟ್ ಹೋತು. ಗಿಟಾರು ಸತ್ವು, ಹಾಡಂವನ ದನಿ ಅಂವನ ಗಂಟಲ್ದಾಗೇ ಉಳೀತು, ಕೆಳಗಿನ ಜನರೇಟರ್ ಕುಬಸದ ಮಂದಿದು. ಡ್ರಮ್ ಹುಡುಗ ಮಾತ್ರ ನಿಲ್ಲಿಸ್ಲಿಲ್ಲ, ಅಂವಂಗ ಕರೆಂಟಿನ ಹಂಗೇ ಇಲ್ಲ. ಒಂದೆರಡು ಸುತ್ತು ಪಂಕ್ ಬಾರಿಸ್ದ, ಬ್ಯಾಸರಾತೋ ಏನೋ, ಕಡ್ಡಿ ಒಗದು ಚೀಲದಾಗಿನ ಹಲಗಿ ತಗದ. ಮೊಬೈಲ್ ಲೈಟ್ ಹಚ್ಚಿದ ಇಪ್ಪತ್ತು ಮಂದಿ ಮೂಲ್ಯಾಗಿಂದ ನಡುವ ಬಂದ್ರು, ವಾಚ್‌ಮನ್ ಕಾಕಾ ಬಡಗಿ ಗ್ವಾಡಿಗಿ ಆನಿಸಿಟ್ಟು ಎರಡು ಹೆಜ್ಜಿ ಹಾಕ್ದ, ಖರೇನೇ ಹಾಕ್ದ, ನಾ ನೋಡೀನಿ.

ಆಗ ಮೆಟ್ಟಲಾ ಹತ್ತಿ ಕುಬಸದ ಮನಿ ಯಜಮಾನ್ತಿ ಬಂದ್ಲು, ಕೈಯಾಗ ಹಸಿರು ಬಳಿ, ಸೆರಗು ಸೊಂಟಕ್ಕ ಸಿಗಿಸಿದ್ಲು. ಬೈತಾಳ ಅಂತ ಎಲ್ಲರೂ ಗಪ್. ಆಕಿ ಹಲಗಿ ಹುಡುಗನ್ನ ನೋಡಿ, ಗಿಟಾರಿನ ಹುಡುಗ್ರನ್ನ ನೋಡಿ, ನಾನೇ ದೊಡ್ಡಂವ ಕಂಡೆನೋ ಏನೋ, ನನ್ನ ಹತ್ರ ಬಂದು ಕೇಳಿದ್ಲು, "ನಿಮ್ದು ಬ್ಯಾಂಡೇನ್ರಿ?"

ಹೌದ್ರಿ ಅಂದೆ.

"ಮುಂದಿನ ತಿಂಗಳ ನನ್ನ ಮೈದುನನ ಲಗ್ನ ಅದ. ಶಾಬಜಾರಿಂದ ಮೆರವಣಿಗಿ. ಎಷ್ಟು ತಗೊಂತೀರಿ? ಈ ಚೀರೋದು ಬ್ಯಾಡ, ಬರೇ ಬಾರಸೋದು."

ಹಾಡೋ ಹುಡುಗ ನನ್ನ ಕಡಿ ನೋಡ್ದ. ನಾ ಕೈಗಡ ಕೊಟ್ಟ ರೊಕ್ಕದ ಲೆಕ್ಕ ಮನಸಿನ್ಯಾಗೇ ಹಾಕಿ, "ಅಡ್ವಾನ್ಸ್ ಎಷ್ಟು ಕೊಡ್ತೀರಿ?" ಅಂದೆ.

"ಕೊಡ್ತೀನಿ ತಗೋ" ಅಂದ್ಲು ಆಕಿ, "ಕೆಂಪು ಕೋಟು ಅವ ಇಲ್ಲ?"