ತೇವಕ್ಕೆ ಯಾವ ಬಣ್ಣ ಒಪ್ಪುತ್ತದೆ?

ದಸರೆಗೆ ಇನ್ನು ಹದಿನೈದು ದಿನ. ರಸ್ತೆ ವಿಭಜಕಗಳಿಗೆ ಕಪ್ಪು–ಹಳದಿ ಪಟ್ಟೆ ಬಿದ್ದಾಗಿದೆ. ನಮ್ಮ ಬೀದಿಯ ತುದಿಯಲ್ಲಿ ವಿಭಜಕಕ್ಕೆ ಒರಗಿ ಮಲಗಿದ್ದ ನಾಯಿ ನಿನ್ನೆ ಮೈ ಮುರಿದು ಎದ್ದಾಗ ಅದರ ಬೆನ್ನಿಗೂ ಒಂದು ಪಟ್ಟೆ ದಕ್ಕಿತ್ತು. ಊರಿಗೆ ಊರೇ ಬಣ್ಣ ಬಳಿದುಕೊಳ್ಳುವಾಗ ನಾವು ಸುಮ್ಮನಿರಲಾದೀತೇ? ನಮ್ಮ ಮನೆಗೂ ಬಣ್ಣ ಹೊಡೆಸುವುದೆಂದು ಬೆಳಿಗ್ಗೆ ತೀರ್ಮಾನವಾಯಿತು. ಸುದ್ದಿ ನನಗೆ ಸಂಜೆ ತಲುಪಿತು.

ಹಿಂದೆ ಇದರಲ್ಲಿ ತೀರ್ಮಾನಿಸುವುದೇನೂ ಇರುತ್ತಿರಲಿಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹುಯ್ದರೆ ಕೊತಕೊತನೆ ಕುದಿಯುತ್ತಿತ್ತು, ಮಕ್ಕಳನ್ನು ದೂರ ಓಡಿಸುತ್ತಿದ್ದರು. ಮರುದಿನ ಸೋಸಿ, ಒಂದಿಷ್ಟು ಗೋಂದು ಬೆರೆಸಿ, ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಸೇರಿಸಿದರೆ ಮುಗಿಯಿತು. ಗೋಡೆಗೆ ಬಿಳಿ, ಗೋಡೆಯ ಬುಡಕ್ಕೆ ಕೆಮ್ಮಣ್ಣು. ‘ಯಾವ ಬಿಳಿ?’ ಎಂದು ಯಾರಾದರೂ ಕೇಳಿದ್ದರೆ ನಮ್ಮಜ್ಜಿ ಅವರ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು.

ಈಗ ಆ ಪ್ರಶ್ನೆಗೆ ಬೀಗರ ಮನೆಯ ಮದುವೆ ಆಲ್ಬಮ್ಮಿನಷ್ಟು ದಪ್ಪನೆಯ ಶೇಡ್ ಕಾರ್ಡ್ ಇದೆ. ಬಿಳಿಗೇ ಹಲವು ಪುಟ. ಮುತ್ತಿನ ಬಿಳಿ, ದಂತದ ಬಿಳಿ, ಮಂಜಿನ ಬಿಳಿ, ಕೊನೆಗೆ ‘ಮುರಿದ ಬಿಳಿ’ ಎಂಬುದೂ ಒಂದು. ಒಂದರ ಮೇಲೆ ಬೆರಳಿಟ್ಟು ‘ಇದು ಒಲೆಯ ಬೂದಿ ಅಲ್ಲವೇ?’ ಎಂದೆ. ಅಂಗಡಿಯ ಹುಡುಗ ಕನಿಕರದಿಂದ ನೋಡಿದ. ‘ಇಲ್ಲ ಸಾರ್, ಇದು ಗ್ರೇಜ್.’ ಗ್ರೇಗೂ ಬೇಜ್‌ಗೂ ಹುಟ್ಟಿದ ಕೂಸಂತೆ. ನಾಮಕರಣಕ್ಕೆ ನಮಗೆ ಆಹ್ವಾನ ಬಂದಿರಲಿಲ್ಲ.

ಅದೇ ಹುಡುಗ ಅರವತ್ತು–ಮೂವತ್ತು–ಹತ್ತರ ಸೂತ್ರವನ್ನೂ ಬೋಧಿಸಿದ. ಕೋಣೆಯ ಶೇ 60ರಷ್ಟು ಮುಖ್ಯ ಬಣ್ಣ, ಶೇ 30ರಷ್ಟು ಅದರ ಜೊತೆಯದು, ಉಳಿದ ಶೇ 10ರಷ್ಟು ಕಣ್ಣಿಗೆ ಹೊಡೆಯುವಂಥದ್ದು. ನಮ್ಮ ಮನೆಯಲ್ಲಿ ಆ ಕೊನೆಯ ಹತ್ತನ್ನು ಔಷಧಿ ಅಂಗಡಿಯ ಕ್ಯಾಲೆಂಡರ್, ನೀಲಿ ಪ್ಲಾಸ್ಟಿಕ್ ಕುರ್ಚಿ, ಕೆಂಪು ಗ್ಯಾಸ್ ಸಿಲಿಂಡರ್ ಯಾವತ್ತೋ ಹಂಚಿಕೊಂಡಿವೆ ಎಂದೆ. ಹೆಂಡತಿ ನನ್ನನ್ನು ಹೊರಗೆ ಸ್ಕೂಟರ್ ಕಾಯಲು ಕಳಿಸಿದಳು.

ನನಗೆ ಅರ್ಥವಾಗದಿರುವುದು ಆಕೆಯ ವಿನಯ. ರೇಷ್ಮೆ ಸೀರೆಯ ಅಂಗಡಿಯಲ್ಲಿ ಈಕೆ ಯಾವ ಸಲಹೆಗಾರನನ್ನೂ ಹತ್ತಿರ ಬಿಟ್ಟವಳಲ್ಲ. ಈರುಳ್ಳಿ ಸಿಪ್ಪೆಯ ಬಣ್ಣ, ಮೆಂತ್ಯದ ಬಣ್ಣ, ಬದನೆಕಾಯಿ ಬಣ್ಣ, ರಾಮಾ ಹಸಿರು, ಎಂ.ಎಸ್. ನೀಲಿ ಇವನ್ನೆಲ್ಲ ಹತ್ತು ಅಡಿ ದೂರದಿಂದ ಹೇಳಬಲ್ಲಳು. ಒಡಲು ಯಾವುದು, ಅಂಚು ಯಾವುದು, ಸೆರಗಿಗೆ ಏನು ಒಪ್ಪುತ್ತದೆ ಎಂಬ ಲೆಕ್ಕವೂ ಅರವತ್ತು–ಮೂವತ್ತು–ಹತ್ತೇ ಅಲ್ಲವೇ? ಸೀರೆಯನ್ನಾದರೆ ಬಾಗಿಲಿಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ. ಗೋಡೆಯ ಬಣ್ಣವನ್ನು ಮಾತ್ರ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಬೆಂಕಿಪೊಟ್ಟಣದಷ್ಟು ಚೂರು ನೋಡಿ ಒಪ್ಪಿಕೊಂಡಳು. ಚೂರಿನಲ್ಲಿ ಪೀಚಲಾಗಿ ಕಂಡದ್ದು ಗೋಡೆ ತುಂಬ ಹರಡಿದಾಗ ಅಬ್ಬರಿಸುತ್ತದೆ. ಹಸಿಯಿದ್ದಾಗ ತಿಳಿಯಾಗಿದ್ದ ಎಮಲ್ಷನ್ ಒಣಗಿದ ಮೇಲೆ ಗಾಢವಾಗುತ್ತದೆ. ಪಡುವಣ ಕೋಣೆಯಲ್ಲಿ ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು. ಹಿಂದಿನ ಸಲ ನಮ್ಮ ನಡುಮನೆಯ ‘ತಿಳಿ ಏಪ್ರಿಕಾಟ್’ ಬಲ್ಬು ಹಾಕಿದ ಕೂಡಲೇ ಹಳಸಿದ ಕೇಸರಿಬಾತಾಯಿತು.

ಹಾಗೆ ನೋಡಿದರೆ ಬಣ್ಣದ ವಿಷಯದಲ್ಲಿ ಮೈಸೂರಿಗೆ ಪಾಠ ಹೇಳುವ ಯೋಗ್ಯತೆ ಯಾರಿಗಿದೆ? 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಶಾಯಿ ಇಲ್ಲಿಯದೇ. ಅದಕ್ಕೆ ಶೇಡ್ ಕಾರ್ಡ್ ಇಲ್ಲ, ಇರುವುದು ಒಂದೇ ಬಣ್ಣ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ, ಬೆಳಕು ಕಂಡು ಕಪ್ಪಾಗುತ್ತದೆ. ಸೋಪಿಗೂ ಸೀಗೆಗೂ ಜಗ್ಗುವುದಿಲ್ಲ. ಹತ್ತು ವರ್ಷದ ಗ್ಯಾರಂಟಿ ಕೊಟ್ಟ ನಮ್ಮ ಹಿಂದಿನ ಬಣ್ಣ ಎರಡು ಮಳೆಗಾಲಕ್ಕೆ ಹಪ್ಪಳದಂತೆ ಎದ್ದಿತು. ಯಾವ ಗ್ಯಾರಂಟಿಯನ್ನೂ ಕೊಡದ ಶಾಯಿ ಉಗುರು ಬೆಳೆಯುವವರೆಗೂ ಕೂತಿರುತ್ತದೆ, ನಾವು ಆರಿಸಿ ಕಳಿಸಿದವರನ್ನು ನೆನಪಿಸುತ್ತ.

ಆ ಆರಿಸಿಬಂದವರ ಕಾಲದಲ್ಲೇ 2012ರಲ್ಲಿ ನಮ್ಮೂರಿನ ಅಂಗಡಿ ಸಾಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ತುದಿ ಬಿತ್ತು. ಬೀಳುವ ಮೊದಲಿನ ದಸರೆಗಳಲ್ಲಿ ಆ ರಸ್ತೆಗಳೂ ಚೆಂದವಾಗಿಯೇ ಹೊಳೆಯುತ್ತಿದ್ದವು. ದುರಸ್ತಿಯೋ, ಕೆಡವುವುದೋ ಎಂದು ವರ್ಷಗಟ್ಟಲೆ ವಾದವಾಯಿತು, ಸಮಿತಿಗಳಾದವು, ನ್ಯಾಯಾಲಯವಾಯಿತು. ಜಂಬೂಸವಾರಿ ಸಾಗುವ ದಾರಿಗೆ ಬಣ್ಣ ಹೊಡೆಯುವುದು ಮಾತ್ರ ನಿಲ್ಲಲಿಲ್ಲ. ಇದನ್ನು ತಮಾಷೆ ಮಾಡಿ ಬರೆಯಬೇಕೆಂದು ಕೂತಿದ್ದೆ, ಆಗುತ್ತಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವರು ಸಂಜೆ ಮನೆಗೆ ಹೋಗಲಿಲ್ಲ ಎಂಬುದಕ್ಕೆ ಯಾವ ಶೇಡ್ ಇದೆ?

ಇರಲಿ. ನಮ್ಮ ಮನೆಗೆ ಮೇಸ್ತ್ರಿ ಬಂದ. ಉಪ್ಪುಕಾಗದ ಕೆಳಗಿಟ್ಟು, ನಾವು ಕೊಟ್ಟ ಶೇಡ್ ಚೀಟಿಯತ್ತ ಕಣ್ಣೂ ಹಾಯಿಸದೆ, ಬಚ್ಚಲಿಗೆ ಅಂಟಿದ ಗೋಡೆಯ ಬಳಿಗೆ ಹೋದ. ಬೆರಳ ಗೆಣ್ಣಿನಿಂದ ಎರಡು ಕಡೆ ಬಡಿದ. ಟೊಳ್ಳು ಸದ್ದು ಬಂತು. ಉಗುರಿನಿಂದ ಕೆರೆದರೆ ಹಳೆಯ ಪುಟ್ಟಿ ಒದ್ದೆ ಅವಲಕ್ಕಿಯಂತೆ ಅಂಗೈಗೆ ಉದುರಿತು.

‘ಸಾರ್, ಒಳಗೆ ಪೈಪು ಸೋರುತ್ತಿದೆ. ಒಡೆದು ಸರಿ ಮಾಡಿಸಿ, ಒಂದು ತಿಂಗಳು ಒಣಗಲು ಬಿಡಿ. ಈಗ ಏನು ಬಳಿದರೂ ನಿಲ್ಲುವುದಿಲ್ಲ.’

ಹೆಂಡತಿ ನನ್ನ ಮುಖ ನೋಡಿದಳು, ನಾನು ಕ್ಯಾಲೆಂಡರ್ ನೋಡಿದೆ. ಗೊಂಬೆ ಕೂರಿಸುವುದು ಆ ಗೋಡೆಯ ಪಕ್ಕದಲ್ಲೇ. ಮಗಳ ಅತ್ತೆ ಮನೆಯವರು ಬರುವವರಿದ್ದಾರೆ.

‘ಸ್ವಲ್ಪ ಗಾಢವಾದದ್ದು ಬಳಿದರೆ ಕಲೆ ಕಾಣದಲ್ಲವೇನಪ್ಪ?’ ಎಂದು ಕೇಳಿದ್ದು ನಾನೇ.