ಗಣ್ಯರಿಗೆ ನೆರಳು, ನಲ್ಲಿಗೆ ರಿಬ್ಬನ್

ನನ್ನನ್ನು ಆಸನ ಸಮಿತಿಗೆ ಹಾಕಿದ್ದರು. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆ. ಘಟಕ ಅಂದರೆ ದೊಡ್ಡದೇನಲ್ಲ. ತಗಡಿನ ಒಂದು ಗೂಡು. ಒಳಗೆ ಫಿಲ್ಟರ್, ಹೊರಗೆ ನಲ್ಲಿ, ನಲ್ಲಿ ಪಕ್ಕ ಕಾಯಿನ್ ಹಾಕೋ ತೂತು. ನಮ್ಮ ಶಿಡ್ಲಘಟ್ಟದ ಕಡೆ ಇಂಥ ಗೂಡನ್ನು ನೋಡದವರಿಲ್ಲ. ಸಾವಿರ ಅಡಿ ದಾಟಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಬಂದರೆ ಪುಣ್ಯ. ಬಂದರೂ ಅದರಲ್ಲಿ ಫ್ಲೋರೈಡ್. ಹಾಗಾಗಿ ಊರಿಗೆಲ್ಲ ಖುಷಿಯೋ ಖುಷಿ.

ಸಮಿತಿಗೆ ಮಾತ್ರ ನೀರಿನ ಯೋಚನೆ ಇರಲಿಲ್ಲ. ಬರುವ ಗಣ್ಯರು ಎಲ್ಲಿ ಕೂರಬೇಕು, ಯಾವುದರ ಮೇಲೆ ಕೂರಬೇಕು, ಕೂತಾಗ ಎಷ್ಟು ಒಳಗೆ ಇಳಿಯಬೇಕು ಅನ್ನೋದೇ ತಲೆನೋವು. ನಾನು ಡ್ರಾಯಿಂಗ್ ಮೇಷ್ಟ್ರು. "ಮೇಷ್ಟ್ರೇ, ನೀವೊಂದು ಪ್ಲಾನ್ ಹಾಕ್ಬಿಡಿ" ಅಂದರು. ಹನ್ನೊಂದು ಸಭೆ ಆಯಿತು. ಘಟಕ ಕಟ್ಟೋಕೆ ಎಷ್ಟು ಸಭೆ ಆಗಿತ್ತು ಅಂತ ಕೇಳಿದೆ. ಒಂದು ಅಂದರು. ಅದೂ ಫೋನಲ್ಲಿ.

ಮೊದಲ ಸಭೆಯಲ್ಲೇ ವೇದಿಕೆ ಮೇಲೆ ಯಾರು ಅನ್ನೋ ಜಗಳ ಶುರುವಾಯಿತು. ಮೂವತ್ತನಾಲ್ಕು ಹೆಸರು ಬಂದವು. ವೇದಿಕೆಗೆ ಹನ್ನೆರಡು ಜನರನ್ನು ಹೊರುವ ಶಕ್ತಿ. ಕೊನೆಗೆ ಯಾರೂ ಮೇಲೆ ಬೇಡ, ಎಲ್ಲರೂ ಕೆಳಗೆ ಮುಂದಿನ ಸಾಲಲ್ಲೇ ಕೂರಲಿ, ಮಾತಾಡೋಕೆ ಮಾತ್ರ ಮೇಲೆ ಹತ್ತಲಿ ಅಂತ ಆಯಿತು. ಆದ್ದರಿಂದ ಮುಂದಿನ ಸಾಲು ಬರೀ ಸಾಲಾಗಿ ಉಳಿಯಲಿಲ್ಲ. ಗರ್ಭಗುಡಿ ಆಯಿತು.

ಶಾಮಿಯಾನದವನು ಫೋನಲ್ಲಿ ಫೋಟೋ ತೋರಿಸುತ್ತಾ ಹೋದ. ಬಿಳಿ ರೆಕ್ಸಿನ್ ಸೋಫಾ. ಚಿನ್ನದ ಬಣ್ಣದ ಕಾಲಿನ ಸೋಫಾ. ಕೆಂಪು ವೆಲ್ವೆಟ್‌ನ ಮಹಾರಾಜ ಕುರ್ಚಿ. ಇನ್ನೊಂದರ ಬೆನ್ನು ಹೃದಯದ ಆಕಾರದಲ್ಲಿತ್ತು. ಅದು ರಿಸೆಪ್ಷನ್‌ನಲ್ಲಿ ಗಂಡು ಹೆಣ್ಣು ಕೂರೋದು. ಮುಹೂರ್ತದ ಸೀಸನ್, ಬೇರೆ ಸೋಫಾ ಎಲ್ಲ ಬುಕ್ ಆಗಿದೆ ಅಂದ. ಹಾಗಾಗಿ ಎಂಟು ವರ್ಷದಿಂದ ಮುಖ ಮುಖ ನೋಡದ ಇಬ್ಬರು ಮುಖಂಡರಿಗೆ ಆ ಹೃದಯವೇ ಗತಿ ಆಯಿತು.

ಸೋಫಾದ ಹಿಂದಿನದು ಬಟ್ಟೆ ಕವರ್ ಹಾಕಿ ಬೆನ್ನಿಗೆ ರಿಬ್ಬನ್ ಗಂಟು ಬಿಗಿದ ಕುರ್ಚಿ. ಅದರ ಹಿಂದೆ ಕೈ ಇರೋ ಪ್ಲಾಸ್ಟಿಕ್ ಕುರ್ಚಿ. ಅದರ ಹಿಂದೆ ಕೈ ಇಲ್ಲದ್ದು. ಆಮೇಲೆ ಜಮಖಾನ, ಆಮೇಲೆ ನೆಲ. ನಮ್ಮಲ್ಲಿ ಮನುಷ್ಯ ಎಷ್ಟು ದೊಡ್ಡವನು ಅಂತ ತಿಳಿಯೋಕೆ ಆಧಾರ್ ಕಾರ್ಡ್ ಬೇಡ, ಅವನು ಕೂತ ಕುರ್ಚಿಗೆ ಕೈ ಇದೆಯಾ ನೋಡಿದರೆ ಸಾಕು.

ಟವೆಲ್‌ಗೇ ಒಂದು ಸಭೆ ಹಿಡಿಯಿತು. ಆಫೀಸುಗಳಲ್ಲಿ ನೀವು ನೋಡಿರುತ್ತೀರಿ, ಸಾಹೇಬರ ಕುರ್ಚಿ ಬೆನ್ನಿಗೆ ಬಿಳಿ ಟರ್ಕಿ ಟವೆಲ್. ಸಾಹೇಬರು ಇಲ್ಲದಾಗ ಆ ಟವೆಲ್ಲೇ ಸಾಹೇಬರು. ಈಗ ಎಷ್ಟು ಸೋಫಾಗೆ ಟವೆಲ್ ಹಾಕೋದು? ಎಲ್ಲಕ್ಕೂ ಹಾಕಿದರೆ ದೊಡ್ಡವರಿಗೆ ಅವಮಾನ. ಒಂದಕ್ಕೇ ಹಾಕಿದರೆ ಉಳಿದವರಿಗೆ ಅವಮಾನ. ಕೊನೆಗೆ ಎಲ್ಲಕ್ಕೂ ಟವೆಲ್, ದೊಡ್ಡವರಿಗೆ ಎರಡು ಟವೆಲ್ ಅಂತ ಪಾಸಾಯಿತು.

ಕಾರ್ಪೆಟ್ ಕೆಂಪೇ ಇರಬೇಕು ಅಂತ ಮೇಲಿಂದ ಸೂಚನೆ ಇತ್ತು. 2017ರ ಮೇ 1ರಿಂದ ಕಾರಿನ ತಲೆ ಮೇಲಿನ ಕೆಂಪು ದೀಪ ತೆಗೆಸಿದರಲ್ಲ, ವಿಐಪಿ ಸಂಸ್ಕೃತಿ ಹೋಯಿತು ಅಂತ ನಾನೂ ಸಂತೋಷಪಟ್ಟಿದ್ದೆ. ಎಲ್ಲಿ ಹೋಗುತ್ತೆ? ತಲೆ ಮೇಲಿದ್ದದ್ದು ಕಾಲ ಕೆಳಗೆ ಬಂದಿದೆ. ಕಾರಿನ ಬಾಗಿಲಿಂದ ಸೋಫಾವರೆಗೆ ಅರವತ್ತು ಅಡಿ ಕೆಂಪು, ನಮ್ಮ ಕೆರೆ ಅಂಗಳದ ಮಣ್ಣಿನ ಮೇಲೆ.

ಕೆರೆ ಅಂಗಳ ಅಂದೆನಲ್ಲ, ಅಲ್ಲೊಂದು ತೊಂದರೆ ಇದೆ. ಮೆತ್ತನೆ ಮಣ್ಣು. ಪ್ಲಾಸ್ಟಿಕ್ ಕುರ್ಚಿಯ ಕಾಲು ಹೂತುಕೊಂಡು ಪಟ್ ಅಂತ ಸೀಳುತ್ತದೆ. ಅದಕ್ಕೇ ನಮ್ಮ ಜನ ಒಂದರೊಳಗೆ ಒಂದು ಎರಡು ಕುರ್ಚಿ ಸೇರಿಸಿಕೊಂಡು ಕೂರುತ್ತಾರೆ. ಐನೂರು ಕುರ್ಚಿ ತಂದರೆ ಇನ್ನೂರೈವತ್ತು ಜನಕ್ಕೆ ಸಾಲುತ್ತದೆ. ವರದಿ ಬರೆಯುವವರು ಕುರ್ಚಿ ಎಣಿಸಿ "ಐನೂರು ಜನ ಸೇರಿದ್ದರು" ಅಂತ ಬರೆಯುತ್ತಾರೆ. ಅದು ಸುಳ್ಳೂ ಅಲ್ಲ, ಐನೂರು ಕುರ್ಚಿ ಭರ್ತಿಯಾಗಿದ್ದವು.

ಏಳನೇ ಸಭೆಯಲ್ಲಿ ಒಬ್ಬ ಹುಡುಗ ಪೇಪರ್ ಹಿಡಿದುಕೊಂಡು ಬಂದ. 2026ರ ಗಣರಾಜ್ಯೋತ್ಸವಕ್ಕೆ ದೆಹಲಿಯ ಕರ್ತವ್ಯ ಪಥದಲ್ಲಿ ವಿವಿಐಪಿ ಅನ್ನೋ ಬೋರ್ಡ್ ತೆಗೆದು, ಕೂರುವ ಜಾಗಕ್ಕೆಲ್ಲ ನದಿಗಳ ಹೆಸರು ಇಟ್ಟಿದ್ದಾರೆ ಅಂದ. ಗಂಗಾ, ಯಮುನಾ, ಕಾವೇರಿ. ಪೆನ್ನಾರ್ ಕೂಡ ಇದೆ ಅಂತ ಓದಿದ. ಪೆನ್ನಾರ್ ಅಂದರೆ ನಮ್ಮ ಉತ್ತರ ಪಿನಾಕಿನಿ! ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳು ದೆಹಲಿಯಲ್ಲಿ ಗ್ಯಾಲರಿ ಆಗಿದ್ದಾಳೆ ಅಂತ ಎಲ್ಲರಿಗೂ ಗಂಟಲು ಕಟ್ಟಿ ಬಂತು. ನಾವೂ ಮಾಡೋಣ ಅಂದರು. ನದಿಗೇನು ಬರವೇ ನಮಗೆ? ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ, ಎಲ್ಲ ನಮ್ಮ ಬೆಟ್ಟಗುಡ್ಡದ ಮಕ್ಕಳೇ.

ಗಣ್ಯರ ಜಾಗಕ್ಕೆ ಪಿನಾಕಿನಿ ಅಂತ ನಾನೇ ಬರೆದೆ. ಒಬ್ಬರು ಸಿಟ್ಟಾದರು. "ಸಾಹೇಬರನ್ನ ಬತ್ತಿದ ಹೊಳೇಲಿ ಕೂರಿಸ್ತೀರಾ ಮೇಷ್ಟ್ರೇ? ಅಪಶಕುನ ಅಲ್ವಾ?" ಪಾಲಾರ್ ಅಂದೆ. ಅದೂ ಮರಳು. ಚಿತ್ರಾವತಿ ಅಂದೆ, ನಕ್ಕರು. ಗಣ್ಯರಿಗೆ ಕಾವೇರಿ ಅಂತ ಕೊನೆಗೆ ತೀರ್ಮಾನ. ಕಾವೇರಿ ನೀರು ಬೆಂಗಳೂರಿನ ನಲ್ಲಿ ತನಕ ಬರುತ್ತದೆ, ನಮ್ಮ ಊರಿಗೆ ಬಂದಿಲ್ಲ. ಪರವಾಗಿಲ್ಲ, ಗಣ್ಯರೂ ಹಾಗೇ ತಾನೆ. ಜನರ ಜಾಗಕ್ಕೆ ಎಚ್.ಎನ್. ವ್ಯಾಲಿ ಅಂತ ಇಡಿ ಎಂದು ಯಾರೋ ಹಿಂದಿನಿಂದ ಕೂಗಿದರು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ತುಂಬಿಸುವ ಯೋಜನೆ ಅದು. ತಮಾಷೆಗೆ ಅಂದದ್ದು. ಆದರೆ ಬರೆದುಕೊಳ್ಳುತ್ತಿದ್ದವರು ಬರೆದೇಬಿಟ್ಟರು.

ನೆರಳಿನ ವಿಷಯಕ್ಕೆ ಬರುತ್ತೇನೆ. ಮಾರ್ಚ್ ಕೊನೆ. ಸೋಫಾಗಳ ಮೇಲೆ ಹದಿನೈದು ಅಡಿ ಎತ್ತರದ ಶಾಮಿಯಾನ, ಎರಡೂ ಕಡೆ ನೀರು ಚಿಮುಕಿಸುವ ಫ್ಯಾನ್. ಹಿಂದೆ ಕೂತವರಿಗೂ ಮೇಲೆ ಏನಾದರೂ ಎಳೆಸೋಣ ಅಂದೆ. ಬಜೆಟ್ ಇಲ್ಲ ಅಂದರು. 2023ರ ಏಪ್ರಿಲ್‌ನಲ್ಲಿ ನವಿ ಮುಂಬೈನ ಖಾರ್‌ಘರ್‌ನಲ್ಲಿ ಒಂದು ಪ್ರಶಸ್ತಿ ಸಮಾರಂಭ ನಡೆಯಿತು. ವೇದಿಕೆಗೆ ನೆರಳಿತ್ತು, ಮೈದಾನಕ್ಕೆ ಇರಲಿಲ್ಲ. ಬಿಸಿಲಿನ ಹೊಡೆತಕ್ಕೆ 14 ಜನ ತೀರಿಹೋದರು. ಅದನ್ನು ಹೇಳಿದೆ. ಸಭೆ ಒಂದು ಗಳಿಗೆ ಸುಮ್ಮನಾಯಿತು. "ಅದು ಮಹಾರಾಷ್ಟ್ರ ಮೇಷ್ಟ್ರೇ. ನಮ್ಮ ಜನ ಬಿಸಿಲಿಗೆ ಪಳಗಿದವರು" ಅಂತ ಒಬ್ಬರು ಹೇಳಿ, ಗೋಡಂಬಿಯನ್ನು ತಟ್ಟೆಯಲ್ಲಿ ಇಡೋದಾ ಬಟ್ಟಲಲ್ಲಿ ಇಡೋದಾ ಅನ್ನೋ ಮುಂದಿನ ವಿಷಯಕ್ಕೆ ಹೋದರು.

ಮನೆಗೆ ಬಂದೆ. ಪಕ್ಕದ ಮನೆ ಅಕ್ಕ ಹುಳದ ಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಎರಚುತ್ತಿದ್ದರು. ರೇಷ್ಮೆ ಹುಳಕ್ಕೆ 25 ಡಿಗ್ರಿ ಆಸುಪಾಸು ಇರಬೇಕು. ಗಾಳಿ ಆಡಬೇಕು, ತೇವ ಇರಬೇಕು, ಮೇಲೆ ನೆರಳು ಬೇಕು. ಹೊತ್ತು ಹೊತ್ತಿಗೆ ಸೊಪ್ಪು ಬೇಕು. ನಮ್ಮ ಸಮಿತಿ ಹನ್ನೊಂದು ಸಭೆಯಲ್ಲಿ ಮಾಡಿದ್ದನ್ನು ಅಕ್ಕ ಒಂದು ಕೊಡ ನೀರಲ್ಲಿ ಮಾಡಿದ್ದರು. "ನಿಮ್ಮೋರಿಗೂ ಹಿಂಗೇನಾ ಮೇಷ್ಟ್ರೇ?" ಅಂತ ಕೇಳಿದರು. ಹೂಂ ಅಂದೆ. "ನಮ್ಮವು ಕೊನೇಗೆ ಗೂಡಾದ್ರೂ ಕಟ್ತವೆ" ಅಂದರು.

ಆ ದಿನ ಬಂತು. ಕಾರ್ಯಕ್ರಮ ಹತ್ತೂವರೆಗೆ. ಜನರನ್ನು ಒಂಬತ್ತಕ್ಕೇ ಕೂರಿಸಿದೆವು. ಹೆಂಗಸರೆಲ್ಲ ಖಾಲಿ ಕ್ಯಾನ್ ಹಿಡಿದುಕೊಂಡೇ ಬಂದಿದ್ದರು, ಮೊದಲ ದಿನದ ನೀರು ಹಿಡಿಯೋಣ ಅಂತ. ಎದುರಿಗೇ ಘಟಕ. ಘಟಕದ ನಲ್ಲಿಗೆ ಅಡ್ಡವಾಗಿ ಕೆಂಪು ರಿಬ್ಬನ್, ನಡುವೆ ಹೂವಿನಂಥ ಗಂಟು. ಹನ್ನೊಂದಾಯಿತು, ಹನ್ನೆರಡಾಯಿತು, ಒಂದಾಯಿತು. ಒಂದು ಮಗು ನೀರು ನೀರು ಅಂತ ಅಳತೊಡಗಿತು. ನಲ್ಲಿ ಬಿಡಿ ಅಂದೆ. "ಅದೆಂಗಾಯ್ತದೆ ಸಾರ್, ಇನ್ನೂ ಉದ್ಘಾಟನೆ ಆಗಿಲ್ಲ" ಅಂದರು. ಸೋಫಾ ಮುಂದಿನ ಟೀಪಾಯಿಗಳ ಮೇಲೆ ಬಾಟಲಿ ನೀರು ಸಾಲಾಗಿ ಕೂತು ಗಣ್ಯರಿಗಾಗಿ ಕಾಯುತ್ತಿತ್ತು. ಹುಡುಗನೊಬ್ಬ ಅದಕ್ಕೆ ನೊಣ ಕೂರದ ಹಾಗೆ ನೋಡಿಕೊಳ್ಳುತ್ತಿದ್ದ. ಅವನ ಬೆನ್ನು ತಿರುಗಿದಾಗ ಒಂದು ಬಾಟಲಿ ಎತ್ತಿ ಮಗುವಿಗೆ ಕೊಟ್ಟೆ. ಎಣಿಕೆಯಲ್ಲಿ ಒಂದು ಕಡಿಮೆ ಅಂತ ಆಮೇಲೆ ವಿಚಾರಣೆಯೂ ಆಯಿತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಕಾರುಗಳು ಬಂದವು. ಗಣ್ಯರು ಕೆಂಪು ತುಳಿದು ಬಂದು ಕಾವೇರಿಯಲ್ಲಿ ಕೂತರು. ಕೂತರು ಅನ್ನೋದಕ್ಕಿಂತ ಮುಳುಗಿದರು. ಅಷ್ಟು ಮೆತ್ತನೆ ಸೋಫಾ. ಹಿಂದಿನಿಂದ ನೋಡಿದರೆ ಬರೀ ಟವೆಲ್ ಕಾಣುತ್ತಿತ್ತು. ಹೃದಯದ ಸೋಫಾದಲ್ಲಿ ಇಬ್ಬರು ಮುಖಂಡರು ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂರಲು ನೋಡಿದರು. ಸೋಫಾ ಒಪ್ಪಲಿಲ್ಲ, ನಡುವಿನ ತಗ್ಗಿಗೆ ಇಬ್ಬರನ್ನೂ ಜಾರಿಸಿ ಭುಜಕ್ಕೆ ಭುಜ ತಾಗಿಸಿತು. ಫೋಟೋದವರು ಅದನ್ನೇ ಕಾಯುತ್ತಿದ್ದರು.

ಅಷ್ಟರಲ್ಲಿ ನಾಡಗೀತೆ. ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂತ 2022ರಲ್ಲಿ ಸರ್ಕಾರವೇ ಹೇಳಿದೆ. ಜನ ತಟ್ಟನೆ ಎದ್ದರು. ಸೋಫಾದವರು ಏಳಲು ಶುರು ಮಾಡಿದರು. ಹಿಡಿಯೋಕೆ ಆಧಾರ ಇಲ್ಲ, ಊರೋಣ ಅಂದರೆ ಕೈ ಸ್ಪಂಜಿನೊಳಗೆ ಹೋಗುತ್ತದೆ. ಗನ್‌ಮ್ಯಾನ್ ಒಬ್ಬರನ್ನು ಎಳೆದ. ಇನ್ನೊಬ್ಬರು ಟೀಪಾಯಿ ಹಿಡಿದರು, ಗೋಡಂಬಿ ಚೆಲ್ಲಿತು. ಕೊನೆಯವರು ನೆಟ್ಟಗೆ ನಿಲ್ಲುವುದಕ್ಕೂ ಹಾಡು ಮುಗಿಯುವುದಕ್ಕೂ ಸರಿಹೋಯಿತು. ಅವರು ನಿಂತೇ ಚಪ್ಪಾಳೆ ತಟ್ಟಿ ಮತ್ತೆ ಮುಳುಗಿದರು.

ಆಗ ನನ್ನ ತಪ್ಪು ಬಯಲಾಯಿತು. ನಾನು ಹಾಕಿದ ಪ್ಲಾನ್ ಹತ್ತೂವರೆಯ ಸೂರ್ಯನಿಗೆ. ಮೂರೂವರೆಗೆ ಸೂರ್ಯ ಪಡುವಣಕ್ಕೆ ಸರಿದಿದ್ದ. ಶಾಮಿಯಾನದ ನೆರಳು ಹದಿನೈದು ಅಡಿ ಹಿಂದಕ್ಕೆ ಹೋಗಿ, ಕೈ ಇಲ್ಲದ ಕುರ್ಚಿಗಳ ಮೇಲೆ ಬಿದ್ದಿತ್ತು. ಬೆಳಗಿನಿಂದ ಬೆಂದಿದ್ದ ಜನ ಅಬ್ಬ ಅಂತ ಉಸಿರು ಬಿಟ್ಟಿದ್ದರು. ಮುಂದೆ ಕಾವೇರಿಗೆ ಮುಖದ ಮೇಲೇ ಬಿಸಿಲು. ಟವೆಲ್‌ಗಳು ತಲೆಗೇರಿದವು. ದೊಡ್ಡವರಿಗೆ ಎರಡು ಟವೆಲ್ ಇದ್ದದ್ದು ಒಳ್ಳೆಯದೇ ಆಯಿತು.

ಸಮಿತಿಯವರು ನನ್ನನ್ನು ನುಂಗುವ ಹಾಗೆ ನೋಡಿದರು. ಆಮೇಲೆ ಆದದ್ದು ಎರಡೇ ನಿಮಿಷದ ಕೆಲಸ. "ಏಳಿ ಏಳಿ, ಹಿಂದಕ್ಕೆ ಹೋಗಿ" ಅಂತ ಜನರನ್ನು ನೆರಳಿನಿಂದ ಎಬ್ಬಿಸಿದರು. ಎಂಟೆಂಟು ಹುಡುಗರು ಸೋಫಾ ಹೊತ್ತರು. ಒಂದರಲ್ಲಿ ಗಣ್ಯರೂ ಇದ್ದರು, ಏಳೋಕೆ ಆಗಲಿಲ್ಲ, ಪಲ್ಲಕ್ಕಿ ಉತ್ಸವದ ಹಾಗೆ ಸಾಗಿದರು. ಸ್ವಾಗತ ಭಾಷಣ ಮಾಡುತ್ತಿದ್ದವರು ನಿಲ್ಲಿಸಲೇ ಇಲ್ಲ. "ಜನರ ನಡುವೆಯೇ ಇರುವ ನಮ್ಮ ನಾಯಕರು" ಅನ್ನುವ ಹೊತ್ತಿಗೆ ಸರಿಯಾಗಿ ಸೋಫಾ ಜನರ ನಡುವೆ ಇಳಿಯಿತು.

ಎಬ್ಬಿಸಿದವರಲ್ಲಿ ಪಕ್ಕದ ಮನೆ ಅಕ್ಕನೂ ಇದ್ದರು. ಕುರ್ಚಿ ಹೋಯಿತು. ನೀರಿನ ಕ್ಯಾನ್ ಬೋರಲು ಹಾಕಿ ಅದರ ಮೇಲೇ ಕೂತರು, ಬಿಸಿಲಲ್ಲಿ. ನಾಲ್ಕೂವರೆಗೆ ಎದ್ದರು. ಹುಳ ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ್ದವು. ಜಾಸ್ತಿ ತಿನ್ನೋದು ಆಗಲೇ. ಬ್ಯಾರಿಕೇಡ್ ಹತ್ತಿರ ಕಾನ್‌ಸ್ಟೇಬಲ್ ತಡೆದ.

"ಕೂತ್ಕೊಳ್ಳಮ್ಮ. ಸಾಹೇಬ್ರು ಮಾತಾಡ್ತಾವ್ರೆ, ಮಧ್ಯ ಎದ್ದು ಹೋಗಂಗಿಲ್ಲ."

"ಅವ್ರದ್ದು ಊಟ ಆಗೈತೆ ಸಾಮಿ" ಅಂದರು ಅಕ್ಕ. "ನನ್ನ ಹುಳಗಳದ್ದು ಇನ್ನೂ ಆಗಿಲ್ಲ."

ಖಾಲಿ ಕ್ಯಾನ್ ಸೊಂಟಕ್ಕೆ ಇಟ್ಟುಕೊಂಡು, ಬ್ಯಾರಿಕೇಡ್ ಪಕ್ಕದ ಸಂದಿಯಲ್ಲಿ ನುಸುಳಿ, ರಿಬ್ಬನ್ ಕಟ್ಟಿದ ನಲ್ಲಿಯ ಮುಂದೆಯೇ ಹೋದರು.